ಅಲ್ಲಿ ಕೆಲಸ ಹೋಯಿತೇನಪ್ಪಾ?

ಕಳೆದ ಡಿಸೆಂಬರಿನಲ್ಲಿ ಇಂಗ್ಲೆಂಡಿನಿಂದ ಚಿಕ್ಕಮಗಳೂರಿಗೆ ಹೋಗಿದ್ದೆ. ಆಲ್ದೂರು ರಸ್ತೆಯ ನಮ್ಮ ಹಳೆಯ ಮನೆಯ ಶೆಡ್ಡಿನಲ್ಲಿ ಅಪ್ಪನ ಮೆಟಡಾರ್ ವ್ಯಾನು ಹದಿನಾಲ್ಕು ವರ್ಷದಿಂದ ನಿಂತಲ್ಲೇ ನಿಂತಿದೆ. ಒಂದು ಬೆಳಿಗ್ಗೆ ಗೋಣಿಚೀಲ ಹಾಸಿಕೊಂಡು ಅದರ ಕೆಳಗೆ ಅಂಗಾತ ಮಲಗಿದ್ದೆ. ಕೈಯಲ್ಲಿ ಸ್ಕ್ರೂಡ್ರೈವರ್, ಕಣ್ಣು ತುಂಬ ತುಕ್ಕಿನ ಪುಡಿ. ಯಾರೋ ಬಂದು ನಿಂತರು. ಅಲ್ಲಿಂದ ಕಂಡದ್ದು ಒಂದು ಜೊತೆ ಚಪ್ಪಲಿ ಮತ್ತು ಪಂಚೆಯ ಅಂಚು ಮಾತ್ರ.

“ಯಾರಪ್ಪಾ ಅದು, ಗ್ಯಾರೇಜಿನವನೇ?”

ತಲೆ ಹೊರಗೆ ಹಾಕಿದೆ. ಪಕ್ಕದ ತೋಟದ ಹಿರಿಯರು. ನನ್ನನ್ನು ಎತ್ತಿ ಆಡಿಸಿದವರು. ಗುರುತು ಹಿಡಿಯಲು ಅವರಿಗೆ ಒಂದು ಗಳಿಗೆ ಬೇಕಾಯಿತು. ಆಮೇಲೆ ಸಾವಿನ ಮನೆಯಲ್ಲಿ ವಿಚಾರಿಸುವ ಹಾಗೆ ಧ್ವನಿ ತಗ್ಗಿಸಿ, “ಅಲ್ಲಿ ಕೆಲಸ ಹೋಯಿತೇನಪ್ಪಾ?” ಎಂದರು.

ಸಂಜೆಯೊಳಗೆ ಸುದ್ದಿ ಹಾಸನ ಮುಟ್ಟಿತ್ತು. ಅಲ್ಲಿರುವ ನನ್ನ ನಾದಿನಿ ಇಂಗ್ಲೆಂಡಿಗೆ ಫೋನ್ ಮಾಡಿ, ಹವಾಮಾನ, ಮಕ್ಕಳ ಪರೀಕ್ಷೆ ಎಲ್ಲ ಮುಗಿಸಿ, ಕೊನೆಗೆ ನನ್ನ ಹೆಂಡತಿಯನ್ನು “ಭಾವನಿಗೆ ಎಲ್ಲಾ ಸರಿ ಇದೆಯಲ್ಲ?” ಎಂದು ಕೇಳಿದಳಂತೆ.

ನಗು ಬಂತು ಎಂದರೆ ಸುಳ್ಳು. ಚುಚ್ಚಿತು. ಆದರೆ ಪೂರ್ತಿ ಸಿಟ್ಟು ಮಾಡಿಕೊಳ್ಳುವ ಹಕ್ಕೂ ನನಗಿರಲಿಲ್ಲ. ಹನ್ನೆರಡು ವರ್ಷದ ಹಿಂದೆ ಡರ್ಬಿಯಲ್ಲಿ ಮನೆ ಮಾಡಿದ ಮೊದಲ ವಾರ ನಾನೂ ಇದೇ ತಪ್ಪು ಮಾಡಿದ್ದೆ. ಪಕ್ಕದ ಮನೆಯ ಮುಂದೆ ಹಳೆಯ ವ್ಯಾನೊಂದರ ಕೆಳಗಿನಿಂದ ಎರಡು ಕಾಲು ಹೊರಗೆ ಚಾಚಿದ್ದವು. ನನ್ನ ಕಾರಿನ ಬ್ರೇಕ್ ಕಿರುಗುಟ್ಟುತ್ತಿತ್ತು. ಆ ಕಾಲುಗಳ ಹತ್ತಿರ ಬಗ್ಗಿ, “ನನ್ನ ಕಾರನ್ನೂ ಒಮ್ಮೆ ನೋಡುತ್ತೀರಾ, ಎಷ್ಟಾಗುತ್ತದೆ?” ಎಂದು ಕೇಳಿದೆ. ಹೊರಬಂದವರು ನಿವೃತ್ತ ಭೂಗೋಳದ ಮೇಷ್ಟರು. ಮನೆಯೂ ಅವರದೇ, ವ್ಯಾನೂ ಅವರದೇ. ಬ್ರೇಕ್ ನೋಡಿಯೂ ಕೊಟ್ಟರು, ದುಡ್ಡು ತೆಗೆದುಕೊಳ್ಳಲಿಲ್ಲ. ಇವತ್ತಿಗೂ ಆ ಮಾತನ್ನು ಎತ್ತಿ ನನ್ನನ್ನು ಆಡಿಕೊಳ್ಳುತ್ತಾರೆ.

ಆ ವ್ಯಾನು 1974ರ ಫೋಕ್ಸ್‌ವ್ಯಾಗನ್ ಕ್ಯಾಂಪರ್, ಅಂದರೆ ಒಳಗೇ ಉಂಡು ಮಲಗಿ ಊರೂರು ತಿರುಗುವ ಗಾಡಿ. ಹಿಂದೆ ಗಾಳಿಯಿಂದ ತಣಿಯುವ ಎಂಜಿನ್, ಮುಂದೆ ಬಾಗಿದ ಒಂದೇ ದೊಡ್ಡ ಗಾಜು, ಎತ್ತಿ ನಿಲ್ಲಿಸಬಹುದಾದ ಚಾವಣಿ, ಒಳಗೆ ಪುಟ್ಟ ಒಲೆ, ಮಡಚುವ ಮಂಚ. ಈ ರೂಪದ ವ್ಯಾನು 1967ರಲ್ಲಿ ಬಂತು. ಜರ್ಮನಿಯಲ್ಲಿ 1979ರಲ್ಲಿ ನಿಂತರೂ ಬ್ರೆಜಿಲ್‌ನಲ್ಲಿ 2013ರವರೆಗೆ ತಯಾರಾಗುತ್ತಲೇ ಇತ್ತು. ಮೇಷ್ಟರು ಅದನ್ನು ಯಾವುದೋ ರೈತನ ಹಿತ್ತಿಲಿನಿಂದ ತಂದಿದ್ದರು. ನೆಲದ ತಗಡು ಹುರಿದ ಹಪ್ಪಳದ ಹಾಗಿತ್ತು, ಕಾಲಿಟ್ಟರೆ ಪುಡಿ. ಇಲ್ಲಿ ಚಳಿಗಾಲದಲ್ಲಿ ಹಿಮ ಕಟ್ಟದಿರಲೆಂದು ರಸ್ತೆಗೆ ಉಪ್ಪು ಚೆಲ್ಲುತ್ತಾರೆ. ಚೆಷೈರ್‌ನ ವಿನ್ಸ್‌ಫರ್ಡ್‌ನಲ್ಲಿ ಅದಕ್ಕೆಂದೇ ಉಪ್ಪಿನ ಗಣಿಯಿದೆ. ಆ ಉಪ್ಪುನೀರು ಗಾಡಿಯ ಸಂದುಗಳಿಗೆ ಹೊಕ್ಕು ಕೂತರೆ ಉಪ್ಪಿನಕಾಯಿ ಜಾಡಿಯಲ್ಲಿ ಕಬ್ಬಿಣದ ಸೌಟು ಮರೆತಂತೆ.

ತುಕ್ಕನ್ನು ಓದುವುದು ಹೇಗೆಂದು ಅವರೇ ನನಗೆ ಕಲಿಸಿದರು. ಸ್ಕ್ರೂಡ್ರೈವರಿನ ಹಿಡಿಯಿಂದ ಬಡಿಯಬೇಕು. ಗಟ್ಟಿ ತಗಡು ಟಣ್ ಎನ್ನುತ್ತದೆ. ಒಳಗೆ ತಿಂದುಹೋಗಿದ್ದರೆ ನೆನೆದ ರಟ್ಟಿನ ಸದ್ದು. ಬಣ್ಣ ಗುಳ್ಳೆ ಎದ್ದ ಕಡೆ ಮೊನೆಯಿಂದ ಚುಚ್ಚಬೇಕು. ಬಟ್ಟೆ ಸುತ್ತಿದ ಅಯಸ್ಕಾಂತ ಇಟ್ಟು ನೋಡಬೇಕು, ಪುಟ್ಟಿ ಮೆತ್ತಿದ ಕಡೆ ಅದು ಅಂಟುವುದಿಲ್ಲ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಕೇಳುತ್ತದೆ. ಎರಡು ತಗಡುಗಳ ನಡುವೆ ಹುಟ್ಟಿದರೆ ಬೆಸುಗೆಯನ್ನೇ ಸೀಳಿ ಉಬ್ಬಿಸುತ್ತದೆ. ಹೊರಗೆ ನಾಲ್ಕು ಬೆರಳಿನಷ್ಟು ಕಂಡರೆ ಒಳಗೆ ಮೊಳದಷ್ಟು ಇದ್ದೇ ಇರುತ್ತದೆ.

ಎಲ್ಲಕ್ಕಿಂತ ಕಷ್ಟದ್ದು ಬಾಗಿಲ ಕೆಳಗಿನ ತೊಲೆ. ನಾನು ಅದನ್ನು ಹೊಸ್ತಿಲು ಎಂದೇ ಕರೆಯುವುದು. ಈ ವ್ಯಾನಿಗೆ ಅದು ಮೂರು ಪದರ: ಹೊರಗಿನದು, ನಡುವಿನದು, ಒಳಗಿನದು. ಇಡೀ ಗಾಡಿಯ ಬೆನ್ನುಮೂಳೆ ಅದೇ. ಹಾಗೇ ಕತ್ತರಿಸಿಬಿಟ್ಟರೆ ಗಾಡಿ ನಡು ಕುಸಿಯುತ್ತದೆ, ಆಮೇಲೆ ಬಾಗಿಲು ಜನ್ಮದಲ್ಲಿ ಹಾಕಿಕೊಳ್ಳುವುದಿಲ್ಲ. ಮೊದಲು ಬಾಗಿಲ ಚೌಕಟ್ಟಿಗೆ ಅಡ್ಡ ಕಬ್ಬಿಣ ಕೊಟ್ಟು ಬಿಗಿದು, ಕೆಳಗೆ ಸಮವಾಗಿ ಆನಿಸಿ, ಆಮೇಲೆ ಕತ್ತರಿಸಬೇಕು. ಮೇಷ್ಟರು ಇದನ್ನೆಲ್ಲ ಅರವತ್ತನೇ ವಯಸ್ಸಿನಲ್ಲಿ ಕಲಿತರು. ಸಂಜೆ ಕಾಲೇಜಿಗೆ ಸೇರಿ ವೆಲ್ಡಿಂಗ್ ಕಲಿತರು. ಮೊದಲ ವರ್ಷದ ಬೆಸುಗೆಗಳನ್ನು ತೋರಿಸಿ “ಹಕ್ಕಿ ಹಿಕ್ಕೆ” ಎಂದು ತಾವೇ ನಗುತ್ತಾರೆ. ಹಿಡಿ ಮುರಿದ ಒಂದು ಮಗ್ಗಿನಲ್ಲಿ ಚಹಾ ಕುಡಿಯುತ್ತಾರೆ, ಅದರ ಮೈತುಂಬ ಗ್ರೀಸಿನ ಬೆರಳಚ್ಚು. ಬೀದಿಯಲ್ಲಿ ಹೋಗುವ ಒಬ್ಬರಾದರೂ ಅವರಿಗೆ ಪಿಂಚಣಿ ನಿಂತುಹೋಯಿತೇ ಎಂದು ಕೇಳಿದ್ದನ್ನು ನಾನು ನೋಡಿಲ್ಲ.

ನಮ್ಮಲ್ಲಿ ಆಯುಧಪೂಜೆಯ ದಿನ ಸ್ಪ್ಯಾನರಿಗೂ ಕುಂಕುಮ ಇಡುತ್ತೇವೆ, ಗಾಡಿಗೆ ಬೂದುಗುಂಬಳ ಒಡೆಯುತ್ತೇವೆ. ಮಾರನೆಯ ದಿನ ಅದೇ ಸ್ಪ್ಯಾನರನ್ನು ಮನೆಯ ಮಗ ಕೈಗೆತ್ತಿಕೊಂಡರೆ ಮನೆಯವರ ಮುಖ ಸಪ್ಪಗಾಗುತ್ತದೆ. ನಾನು ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿದವನು. ನಾಲ್ಕು ವರ್ಷದಲ್ಲಿ ವೆಲ್ಡಿಂಗ್ ಬಗ್ಗೆ ಹತ್ತು ಅಂಕದ ಉತ್ತರ ಎಷ್ಟು ಬರೆದಿದ್ದೇನೋ ಲೆಕ್ಕವಿಲ್ಲ. ಅಪ್ಪ ಮಾತ್ರ ನನ್ನನ್ನು ಗಾಡಿಯ ಬಾನೆಟ್ ಹತ್ತಿರ ಸೇರಿಸಲಿಲ್ಲ. “ಅದಕ್ಕೆ ಜನ ಇದ್ದಾರೆ, ನೀನು ಓದಿಕೋ” ಎನ್ನುತ್ತಿದ್ದರು.

ಹಾಗೆ ನೋಡಿದರೆ ನಮ್ಮ 1986ರ ಮೆಟಡಾರೂ ಕ್ಯಾಂಪರ್ ವ್ಯಾನೇ. ಹೊರನಾಡಿಗೆ ಹೊರಟರೆ ಜಮಖಾನೆ, ಪಂಪ್ ಸ್ಟವ್, ಚಿತ್ರಾನ್ನದ ಡಬ್ಬಿ, ಹನ್ನೊಂದು ಜನ, ಒಂದು ಬಾಳೆಗೊನೆ. ಬಾಳೆಹೊನ್ನೂರಿನಲ್ಲಿ ಭದ್ರೆಯ ದಡದಲ್ಲಿ ನಿಲ್ಲಿಸಿ ಕಾಫಿ ಕಾಯಿಸುತ್ತಿದ್ದೆವು, ಕಳಸ ದಾಟುವಷ್ಟರಲ್ಲಿ ಮಕ್ಕಳೆಲ್ಲ ಹಿಂದೆ ಒಬ್ಬರ ಮೇಲೊಬ್ಬರು ನಿದ್ದೆ. ಆಗ ನನಗೆ ಹೊರನಾಡು ಎಂದರೆ ಅನ್ನಪೂರ್ಣೇಶ್ವರಿ ಮಾತ್ರ. ಈಗ ನನ್ನ ಹೆಸರಿನ ಹಿಂದೆಯೇ ಆ ಪದ ಅಂಟಿಕೊಂಡಿದೆ.

ಮೇಷ್ಟರಿಗೆ ಮೆಟಡಾರಿನ ಫೋಟೋ ತೋರಿಸಿದಾಗ ಅವರು ಹುಡುಕಿ ತೆಗೆದ ಸಂಗತಿ ಇದು: ಮೆಟಡಾರ್ ಹುಟ್ಟಿದ್ದು ಹ್ಯಾಂಬರ್ಗ್‌ನ ಟೆಂಪೋ ಕಾರ್ಖಾನೆಯಲ್ಲಿ, 1949ರಲ್ಲಿ, ಮೊದಲಿಗೆ ಫೋಕ್ಸ್‌ವ್ಯಾಗನ್ ಎಂಜಿನ್ ಹಾಕಿಕೊಂಡೇ. ಆ ಟೆಂಪೋದ ಜೊತೆ ಸೇರಿ 1958ರಲ್ಲಿ ನಮ್ಮ ಬಜಾಜ್ ಟೆಂಪೋ ಶುರುವಾಯಿತು. ನಮ್ಮ ಗಾಡಿ ಡೀಸೆಲ್‌ನದು, ತಲೆಮಾರು ದಾಟಿದ್ದು. ಆದರೂ ದಾಯಾದಿಗಳೇ. “ಹಾಗಾದರೆ ಅದನ್ನು ಯಾಕೆ ಬಿಟ್ಟಿದ್ದೀಯ?” ಎಂದರು. ಹಾಗೆ ಬ್ಯಾಗಿನಲ್ಲಿ ಅಯಸ್ಕಾಂತ ಇಟ್ಟುಕೊಂಡು ಊರಿಗೆ ಹೋದವನು ನಾನು.

ಮುಂದಿನ ದೀಪದ ಕೆಳಗೆ ಇಟ್ಟ ಅಯಸ್ಕಾಂತ ಟಪ್ಪೆಂದು ನೆಲಕ್ಕೆ ಬಿತ್ತು. ಕೆರೆದೆ. ಬೆರಳ ಗೆಣ್ಣಿನಷ್ಟು ದಪ್ಪ ಪುಟ್ಟಿ. ಅದರ ಹಿಂದೆ ತಗಡೇ ಇಲ್ಲ, ತೂತಿಗೆ ಉಂಡೆ ಮಾಡಿ ತುರುಕಿದ ಹಳೆಯ ಪತ್ರಿಕೆ. ಬಿಡಿಸಿದರೆ ಯಾರದೋ ಶ್ರದ್ಧಾಂಜಲಿಯ ಚಿತ್ರ, ಅರ್ಧ ಮೀಸೆ ಮಾತ್ರ ಉಳಿದಿತ್ತು. ನನಗೆ ಮೈ ಉರಿಯಿತು. ಮೇಲೆ ಹೊಳಪು, ಒಳಗೆ ಕಾಗದ. ಇಷ್ಟೇ ನಮ್ಮ ಊರಿನ ಕೆಲಸ ಎಂದು ಚಿಕ್ಕಪ್ಪನ ಮುಂದೆ ಒಂದು ಗಂಟೆ ಭಾಷಣ ಮಾಡಿದೆ. ಚಿಕ್ಕಪ್ಪ ಸಮಾಧಾನವಾಗಿ ಕೇಳಿ, “ಗುಜರಿಯವನು ಕೆಜಿ ಲೆಕ್ಕದಲ್ಲಿ ಒಳ್ಳೆಯ ರೇಟು ಹೇಳಿದ್ದಾನೆ” ಎಂದರು.

ಸರ್ಕಾರವೂ ಚಿಕ್ಕಪ್ಪನ ಕಡೆಗೇ. ಬ್ರಿಟನ್ನಿನಲ್ಲಿ ಗಾಡಿಗೆ ನಲವತ್ತು ತುಂಬಿ ಮೂಲರೂಪ ಉಳಿದಿದ್ದರೆ ರಸ್ತೆ ತೆರಿಗೆಯೂ ಇಲ್ಲ, ವಾರ್ಷಿಕ ತಪಾಸಣೆಯ ಕಡ್ಡಾಯವೂ ಇಲ್ಲ. ನಮ್ಮಲ್ಲಿ 2021ರ ವಿಂಟೇಜ್ ನಿಯಮದ ಪ್ರಕಾರ ಐವತ್ತು ದಾಟಿರಬೇಕು, ನೋಂದಣಿಗೆ 20,000 ರೂಪಾಯಿ, ಅದಾದ ಮೇಲೂ ದಿನನಿತ್ಯ ಓಡಿಸುವಂತಿಲ್ಲ. ನಮ್ಮ ಮೆಟಡಾರು ಮುದಿಯಾಗಿದೆ, ಆದರೆ ಗೌರವ ಸಿಗುವಷ್ಟು ಮುದಿಯಾಗಿಲ್ಲ.

ಕೊನೆಗೆ ಟಿಂಕರಿಂಗ್ ಉಸ್ತಾದರನ್ನು ಕರೆಸಿದೆವು. ಎಪ್ಪತ್ತರ ಹತ್ತಿರದ ವಯಸ್ಸು. ಗಾಡಿಯ ಸುತ್ತ ಒಂದು ಸುತ್ತು ಬಂದು ಹೆಬ್ಬೆರಳಿನಿಂದ ಸವರುತ್ತ ಹೋದರು, ನನ್ನ ಅಯಸ್ಕಾಂತ ಗುರುತಿಸಿದ ಕಡೆಗಳಲ್ಲೆಲ್ಲ ಅವರ ಬೆರಳೂ ನಿಂತಿತು. ನಾನು ಪತ್ರಿಕೆಯ ಉಂಡೆಯನ್ನು ಸಾಕ್ಷಿಯಂತೆ ಮುಂದೆ ಹಿಡಿದೆ.

“ಅದನ್ನು ಇಟ್ಟದ್ದು ನಾನೇ ಸಾರ್” ಎಂದರು ಅವರು. “ನಿಮ್ಮ ಅಕ್ಕನ ಮದುವೆಗೆ ಮೂರು ದಿನ ಇತ್ತು. ತಗಡು ಬದಲಿಸಲು ಹತ್ತು ದಿನ ಬೇಕು ಎಂದೆ. ನಿಮ್ಮ ತಂದೆಯವರು, ಗಂಡಿನ ಕಡೆಯವರು ಬರುವಾಗ ಹೊಳೆಯಬೇಕು ಅಷ್ಟೇ, ಆಮೇಲೆ ನೋಡೋಣ ಎಂದರು. ಆಮೇಲೆ ಯಾರೂ ಬರಲಿಲ್ಲ.”

ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಮುಂದಿನ ಹನ್ನೊಂದು ದಿನ ನೋಡಿದ್ದನ್ನು ಇಲ್ಲಿ ಬರೆಯಲು ನನಗೆ ಅಷ್ಟು ಮನಸ್ಸಿಲ್ಲ, ಇಷ್ಟು ಹೊತ್ತು ಮಾಡಿದ ವಾದ ಸಡಿಲವಾಗುತ್ತದೆ. ಚಕ್ರದ ಮೇಲಿನ ಕಮಾನು ಪೂರ್ತಿ ಹೋಗಿತ್ತು. ಮೇಷ್ಟರಾಗಿದ್ದರೆ ಕ್ಯಾಟಲಾಗ್ ನೋಡಿ ಸಿದ್ಧ ತಗಡು ತರಿಸಿ, ಅದು ಕೂರದೆ ಎರಡು ವಾರಾಂತ್ಯ ಒದ್ದಾಡುತ್ತಿದ್ದರು. ಉಸ್ತಾದರು ಚಪ್ಪಟೆ ತಗಡಿನ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದು ಕತ್ತರಿಸಿ, ರೈಲು ಕಂಬಿಯ ತುಂಡಿನ ಮೇಲಿಟ್ಟು ಮರದ ಕೊಡತಿಯಿಂದ ಬಡಿಯುತ್ತ ಹೋದರು. ಗ್ಯಾಸ್ ಬೆಸುಗೆಯ ಬಿಸಿಗೆ ತಗಡು ಸೊಟ್ಟಗಾಗುವ ಮುಂಚೆ ಒದ್ದೆ ಗೋಣಿತಾಟು ಒತ್ತುತ್ತಿದ್ದರು. ಚುಸ್ ಎಂದು ಆವಿ. ಮಧ್ಯಾಹ್ನದ ಊಟದ ಹೊತ್ತಿಗೆ ಕಮಾನು ಸಿದ್ಧ. ಆ ವಿಡಿಯೊವನ್ನು ಮೇಷ್ಟರು ನಾಲ್ಕು ಸಲ ನೋಡಿದರು. ಐದನೆಯ ಸಲ ಸದ್ದು ಜೋರು ಮಾಡಿಕೊಂಡು, ಬರೀ ಕೊಡತಿಯ ಏಟು ಕೇಳಿದರು.

ಹೊಸ್ತಿಲಿನ ಒಳಮೈಗೆ ಬಳಿಯಲು ನಾನು ಒಯ್ದಿದ್ದ ಟ್ಯಾನಿಕ್ ಆಮ್ಲದ ಬಾಟಲಿಯನ್ನು ಉಸ್ತಾದರು ಮೂಸಿ ನೋಡಿ, “ಅಡಕೆ ಚೊಗರು” ಎಂದರು. ಅದೇ ಟ್ಯಾನಿನ್, ತುಕ್ಕಿಗೆ ತಾಗಿದರೆ ಕಪ್ಪಾಗುತ್ತದೆ. ಬಾಳೆಕಾಯಿ ಹೆಚ್ಚಿದ ಕತ್ತಿಯ ಹಾಗೆ. ಅದರ ಮೇಲೆ ಮೇಷ್ಟರು ಪೌಂಡು ಸುರಿದು ಮೇಣ ಸಿಂಪಡಿಸುತ್ತಾರೆ. ನಮ್ಮವರು ಮಳೆಗಾಲಕ್ಕೆ ಮುಂಚೆ ಜೀಪಿನ ಅಡಿಗೆ ಸುಟ್ಟ ಎಂಜಿನ್ ಎಣ್ಣೆ ಬಳಿಯುತ್ತಿದ್ದುದೂ ಅದಕ್ಕೇ.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ಮೇಷ್ಟರ ವ್ಯಾನು ಈ ಹನ್ನೆರಡು ವರ್ಷದಲ್ಲಿ ಒಮ್ಮೆಯೂ ಸ್ವಂತ ಎಂಜಿನ್ನಿನಲ್ಲಿ ಬೀದಿಗೆ ಇಳಿದಿಲ್ಲ. ಇಲ್ಲಿನ ಗ್ಯಾರೇಜಿನ ಗಂಟೆ ಲೆಕ್ಕದ ಕೂಲಿ ಕೊಡಲು ಪಿಂಚಣಿ ಸಾಲದು ಎಂದೇ ತಾನು ವೆಲ್ಡಿಂಗ್ ಕಲಿತದ್ದು ಎಂದು ಒಂದು ದಿನ ಅವರೇ ಹೇಳಿದರು. ಅವರ ಹೆಂಡತಿಗೆ ಸ್ಕಾಟ್ಲೆಂಡ್ ನೋಡುವ ಆಸೆಯಿತ್ತು. ಆಕೆ ಕಳೆದ ವರ್ಷ ಬಸ್ಸಿನಲ್ಲಿ ಹೋಗಿಬಂದರು.

ಉಸ್ತಾದರು ಮೊದಲ ಮೂರು ದಿನ ನನಗೆ ಗೋಣಿತಾಟು ಒದ್ದೆ ಮಾಡುವ ಕೆಲಸ ಬಿಟ್ಟು ಬೇರೇನೂ ಕೊಡಲಿಲ್ಲ. ನಾಲ್ಕನೆಯ ದಿನ ಕೊಡತಿ ಕೊಟ್ಟರು. ಎರಡನೆಯ ಏಟಿಗೇ “ಏಯ್, ಅಲ್ಲಲ್ಲ, ಅಂಚಿಗೆ!” ಎಂದು ಕೂಗಿದರು. ಸಾರ್ ಎನ್ನುವುದು ಅವತ್ತಿಗೆ ಬಿಟ್ಟುಹೋಯಿತು.

ನಮ್ಮ ಮನೆಯಲ್ಲಿ ಮೊದಲಿಂದಲೂ ಮನೆಯವರಿಗೆ ಪಿಂಗಾಣಿ ಕಪ್ಪು, ಕೆಲಸಕ್ಕೆ ಬಂದವರಿಗೆ ಗಾಜಿನ ಲೋಟ. ಆ ಹತ್ತು ದಿನವೂ ಚಿಕ್ಕಮ್ಮ ಶೆಡ್ಡಿಗೆ ಕಾಫಿ ತಂದಾಗ ತಟ್ಟೆಯಲ್ಲಿ ಒಂದು ಕಪ್ಪು, ಒಂದು ಲೋಟ ಇರುತ್ತಿತ್ತು. ನಾನು ಅದನ್ನು ನೋಡಿಯೂ ಏನೂ ಹೇಳಿರಲಿಲ್ಲ. ಹನ್ನೊಂದನೆಯ ದಿನ ಎರಡೂ ಲೋಟಗಳೇ ಬಂದವು. ನಾನು ಆಶ್ಚರ್ಯದಿಂದ ಚಿಕ್ಕಮ್ಮನ ಮುಖ ನೋಡಿದೆ.

“ಆ ಕೈಯಲ್ಲಿ ಪಿಂಗಾಣಿ ಮುಟ್ಟಬೇಡ ಮಾರಾಯ” ಎಂದರು ಚಿಕ್ಕಮ್ಮ. “ಗ್ರೀಸಿನ ಕಲೆ ಎಷ್ಟು ತಿಕ್ಕಿದರೂ ಹೋಗುವುದಿಲ್ಲ.”