ಒಂದು ಕಂಬಳಿ, ಹನ್ನೆರಡು ಕೈ

ಆ ಫೋಟೋ ನೀವೂ ನೋಡಿರ್ತೀರಿ. ವಾಟ್ಸಾಪ್ ಗ್ರೂಪಿನಲ್ಲಿ ತಪ್ಪಿದ್ದರೆ ಪತ್ರಿಕೆಯ ಮೂರನೇ ಪುಟದಲ್ಲಿ ಸಿಕ್ಕಿರುತ್ತದೆ. ಆದಿವಾಸಿಗಳ ಹಾಡಿಯಲ್ಲಿ ಕಂಬಳಿ ವಿತರಣೆ. ಒಂದು ಕಂಬಳಿ, ಅದನ್ನು ಹಿಡಿದ ಹನ್ನೆರಡು ಕೈ. ಮಧ್ಯದಲ್ಲಿ ನಮ್ಮ ನಾಯಕರು. ಅವರ ಆಚೆ ಈಚೆ ಪಂಚಾಯ್ತಿ ಸದಸ್ಯರು, ಮಾಜಿ ಸದಸ್ಯರು, ಮುಂದಿನ ಸಲ ಟಿಕೆಟ್ ಬೇಕೆನ್ನುವವರು. ಎಲ್ಲರೂ ಕ್ಯಾಮೆರಾ ನೋಡುತ್ತಿದ್ದಾರೆ. ಕಂಬಳಿ ತಗೊಳ್ಳಲು ಬಂದ ಅಜ್ಜಿ ಒಬ್ಬರು ಮಾತ್ರ ಕಂಬಳಿ ನೋಡುತ್ತಿದ್ದಾರೆ. ಅವರ ಅರ್ಧ ಮುಖ ಯಾರದೋ ಮೊಣಕೈ ಹಿಂದೆ ಹೋಗಿದೆ. ಫೋಟೋದ ಕೆಳಗೆ ಸಾಲಾಗಿ ಹೆಸರುಗಳು. ಅಜ್ಜಿಯ ಹೆಸರು ಇಲ್ಲ.

ಕಂಬಳಿ ಕೊಟ್ಟಿದ್ದು ತಪ್ಪು ಅಂತ ನಾನು ಹೇಳೋದಿಲ್ಲ. ಕೊಡಗಿನ ಮಳೆ ನಮಗೆಲ್ಲ ಗೊತ್ತಲ್ವಾ. ಜೂನಿನಲ್ಲಿ ಒದ್ದೆಯಾದ ಬಟ್ಟೆ ಒಣಗಬೇಕಾದರೆ ಒಲೆ ಮೇಲಿನ ಅಟ್ಟಕ್ಕೇ ಹಾಕಬೇಕು. ಹಾಡಿಯ ಗುಡಿಸಲಿನಲ್ಲಿ ಆ ಅಟ್ಟವೂ ಸೋರುತ್ತದೆ. ಹಾಗಾಗಿ ಜೂನಿನಲ್ಲಿ ಕೊಟ್ಟ ಕಂಬಳಿ ಜುಲೈಗೆ ನೀರು ಕುಡಿದು ಹೊದ್ದವರಿಗಿಂತ ಭಾರವಾಗಿರುತ್ತದೆ.

ನಿಜವಾಗಿ ಉಪಯೋಗಕ್ಕೆ ಬರುವುದು ಕಂಬಳಿಯಲ್ಲ, ಫ್ಲೆಕ್ಸು. ಇದನ್ನು ಯಾರೂ ಸರಿಯಾಗಿ ಗುರುತಿಸಿಲ್ಲ. ಪ್ಲಾಸ್ಟಿಕ್ ಫ್ಲೆಕ್ಸಿಗೆ ರಾಜ್ಯದಲ್ಲಿ 2016ರಿಂದ ನಿಷೇಧ ಇದೆ. ಇದ್ದರೂ ನಾಯಕರು ಕಾನೂನನ್ನು ಲೆಕ್ಕಿಸದೆ ಬಡವರಿಗೋಸ್ಕರ ಹತ್ತಡಿ ಅಗಲದ ಫ್ಲೆಕ್ಸು ಹಾಕಿಸುತ್ತಾರೆ. 'ಬಡವರ ಬಂಧು, ಸಾಮಾಜಿಕ ನ್ಯಾಯದ ಹರಿಕಾರ.' ಕಾರ್ಯಕ್ರಮ ಮುಗಿದು ಜೀಪುಗಳು ಹೊರಟ ಮೇಲೆ ಅದು ಬಿಚ್ಚಿಕೊಂಡು ಯಾವುದೋ ಸೂರಿನ ಮೇಲೆ ಕೂರುತ್ತದೆ. ಮೂಲೆಗೆ ನಾಲ್ಕು ಕಲ್ಲು, ಮಧ್ಯೆ ಒಂದು ಬಿದಿರು. ನಾಯಕರ ಕೈಮುಗಿದ ನಗುಮುಖ ಆಕಾಶಕ್ಕೆ, ಬೆನ್ನು ಕೆಳಗಿನವರಿಗೆ. ಮಕ್ಕಳು ಆ ಬೆನ್ನಿನಡಿ ಮಲಗುತ್ತಾರೆ. ಯಾವ ವಸತಿ ಯೋಜನೆಯೂ ಇಷ್ಟು ಬೇಗ ಜಾರಿಯಾಗಿಲ್ಲ. ಫ್ಲೆಕ್ಸ್ ಇನ್ನೂ ಸ್ವಲ್ಪ ದೊಡ್ಡದು ಮಾಡಿಸಿ ಸಾರ್, ಕಟೌಟಾದರೆ ಅಡುಗೆಮನೆಗೂ ಆಗುತ್ತದೆ.

ಈಗ ಜಾಗದ ವಿಷಯ. ಇದರಲ್ಲಿ ನಮ್ಮ ನಾಯಕರ ಸಾಮಾಜಿಕ ನ್ಯಾಯ ಬಹಳ ಚುರುಕು, ಒಂದು ಕಡೆಗೆ. ಸರ್ಕಾರಿ ಜಾಗ ಒತ್ತುವರಿ ಮಾಡಿ ಕಾಫಿ ಬೆಳೆದವರ ಕಷ್ಟ ಎಲ್ಲರಿಗೂ ಅರ್ಥವಾಯಿತು. ಭೂ ಕಂದಾಯ ಕಾಯ್ದೆಗೇ ತಿದ್ದುಪಡಿ ಬಂತು. 2005ರ ಜನವರಿ 1ಕ್ಕಿಂತ ಮೊದಲಿನ ಒತ್ತುವರಿಯಾದರೆ 25 ಎಕರೆವರೆಗೆ 30 ವರ್ಷದ ಗುತ್ತಿಗೆ. ಪಕ್ಷ ಯಾವುದು ಅಂತ ಕೇಳಬೇಡಿ, ಈ ವಿಷಯದಲ್ಲಿ ಜಿಲ್ಲೆಯಲ್ಲಿ ಪಕ್ಷಭೇದ ನಾನು ಕಂಡಿಲ್ಲ.

ಎರಡು ಮೂರು ಎಕರೆ ಇಟ್ಟುಕೊಂಡು ಆನೆಗೂ ಬ್ಯಾಂಕಿಗೂ ನಡುವೆ ಒದ್ದಾಡುವ ಸಣ್ಣ ಬೆಳೆಗಾರರಿಗೆ ಇದು ಸಿಕ್ಕರೆ ನನಗೇನೂ ಹೊಟ್ಟೆಉರಿ ಇಲ್ಲ. ಆದರೆ ಎರಡು ಮೂರು ಎಕರೆಯವನ ಹೆಸರು ಹೇಳಿಕೊಂಡು ಇಪ್ಪತ್ತೈದರವರೆಗೆ ಹೋದವರು ಯಾರು, ಸ್ವಲ್ಪ ಹೇಳಿ ನೋಡೋಣ.

ಕಾಡಿನವರಿಗೂ ಒಂದು ಕಾಯ್ದೆ ಇದೆ, 2006ರದ್ದು, ಅರಣ್ಯ ಹಕ್ಕು ಕಾಯ್ದೆ. ಇಲ್ಲಿ ಗಡುವು 2005ರ ಡಿಸೆಂಬರ್ 13. ವರ್ಷ ಒಂದೇ, ನೋಡಿ. ಮಿತಿ ಮಾತ್ರ 4 ಹೆಕ್ಟೇರ್, ಅಂದರೆ ಹತ್ತು ಎಕರೆಗೆ ಸ್ವಲ್ಪ ಕಮ್ಮಿ. ಒತ್ತುವರಿ ಮಾಡಿದವನಿಗೆ ಇಪ್ಪತ್ತೈದು, ಅಲ್ಲೇ ಹುಟ್ಟಿದವನಿಗೆ ಹತ್ತು. ಅದಕ್ಕೂ ಗ್ರಾಮಸಭೆ, ಉಪವಿಭಾಗ ಸಮಿತಿ, ಜಿಲ್ಲಾ ಸಮಿತಿ ಎಲ್ಲ ದಾಟಬೇಕು. ತಾತ ಇದೇ ಕಾಡಲ್ಲಿದ್ದ ಎನ್ನುವುದಕ್ಕೆ ದಾಖಲೆ ತರಬೇಕು. ತಾತನನ್ನು ಹೂತ ಜಾಗ ತೋರಿಸಿದರೆ, ಅಲ್ಲಿಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಎಲ್ಲಿ ಅಂತಾರೆ. 2025ರ ಮೇ ತಿಂಗಳಲ್ಲಿ ನಾಗರಹೊಳೆಯ ಕರಡಿಕಲ್ಲು ಅತ್ತೂರು ಕೊಲ್ಲಿಯ ಜೇನು ಕುರುಬರು ತಮ್ಮ ಹಳೆ ಜಾಗಕ್ಕೆ ವಾಪಸ್ ಬಂದು ಗುಡಿಸಲು ಹಾಕಿದಾಗ ಅವರನ್ನು ಎಬ್ಬಿಸಲು ಎಷ್ಟು ಜನ ಖಾಕಿಯವರು ಬಂದರು ಅಂತ ಮತ್ತೆ ಹೇಳಬೇಕಾ? ಇಪ್ಪತ್ತೈದು ಎಕರೆ ಕಾಫಿಯನ್ನು ಖಾಲಿ ಮಾಡಿಸಲು ಅಷ್ಟು ಜನ ಖಾಕಿಯವರು ಬಂದಿದ್ದನ್ನು ನಾನಂತೂ ನೋಡಿಲ್ಲ.

ದಿಡ್ಡಳ್ಳಿಯನ್ನು ಮರೆತಿಲ್ಲ ತಾನೇ? 2016ರ ಡಿಸೆಂಬರ್. ಸಿದ್ದಾಪುರದ ಹತ್ತಿರದ ಆ ಹಾಡಿಯಲ್ಲಿ 577 ಆದಿವಾಸಿ ಕುಟುಂಬಗಳ ಗುಡಿಸಲು ಕೆಡವಿದರು. ಕೊಡಗಿನ ಡಿಸೆಂಬರ್ ರಾತ್ರಿ ಬಯಲಲ್ಲಿ ಹೇಗಿರುತ್ತದೆ ಅಂತ ರೆಸಾರ್ಟಿಗೆ ಬಂದವರನ್ನು ಕೇಳಿ, ಹೀಟರ್ ಕೊಡಿ ಅಂತ ಜಗಳ ಮಾಡ್ತಾರೆ. ಆಮೇಲೆ ಹೋರಾಟವಾಯಿತು, ಬೆಂಗಳೂರಿನಿಂದ ಜನ ಬಂದರು, ಬಸವನಹಳ್ಳಿ ಬ್ಯಾಡಗೊಟ್ಟ ಕಡೆ ಕಳಿಸಿ ಮನೆ ಕಟ್ಟಿಕೊಟ್ಟರು. ಕೂಲಿ ಇರುವುದು ಸಿದ್ದಾಪುರದ ತೋಟದಲ್ಲಿ, ಮನೆ ಕುಶಾಲನಗರದ ಕಡೆ. ಇದಕ್ಕೆ ಪುನರ್ವಸತಿ ಅಂತ ಹೆಸರು. ಉದ್ಘಾಟನೆ ಫೋಟೋ ಚೆನ್ನಾಗಿ ಬಂದಿತ್ತು.

ವಿಷಯ ಬಿಟ್ಟು ಸ್ವಲ್ಪ ಆಚೆ ಹೋಗ್ತೀನಿ. ನಮ್ಮಲ್ಲಿ ಕುಂಡೆ ಹಬ್ಬ ಅಂತ ಒಂದಿದೆ. ಮೇ ತಿಂಗಳಲ್ಲಿ, ಗೋಣಿಕೊಪ್ಪದ ಹತ್ತಿರ ದೇವರಪುರದಲ್ಲಿ. ತೋಟದ ಆಳುಗಳು, ಕುರುಬರು, ಯರವರು ಹೆಣ್ಣಿನ ವೇಷ ಹಾಕಿ, ಮುಖಕ್ಕೆ ಬಣ್ಣ ಬಳಿದು, ಡಬ್ಬ ಬಡಿಯುತ್ತಾ ದಾರಿಗೆ ಬರುತ್ತಾರೆ. ಎದುರು ಸಿಕ್ಕವರಿಗೆಲ್ಲ ಬಾಯಿಗೆ ಬಂದಂತೆ ಬೈಗುಳ. ಸಾಹುಕಾರನಾಗಲಿ, ಪೊಲೀಸಾಗಲಿ, ಜೀಪಾಗಲಿ, ಬಸ್ಸಾಗಲಿ, ಬಿಡೋದಿಲ್ಲ. ಬೈಸಿಕೊಂಡವನು ನಗುತ್ತಾ ಕಾಸು ಕೊಡಬೇಕು. ಕೋಪ ಮಾಡಿಕೊಂಡರೆ ಇನ್ನೊಂದು ಸುತ್ತು. ಕೊನೆಗೆ ದೇವರ ಮುಂದೆ ಹೋಗಿ ತಪ್ಪಾಯ್ತು ಅಂತಾರೆ, ಮಾರನೇ ದಿನ ಅದೇ ತೋಟಕ್ಕೆ ಕೆಲಸಕ್ಕೆ ಹೋಗುತ್ತಾರೆ.

ವರ್ಷಕ್ಕೊಮ್ಮೆ ಇಷ್ಟು ಚೊಕ್ಕ ಜನಸಂಪರ್ಕ ಸಭೆ ಈ ಜಿಲ್ಲೆಯಲ್ಲಿ ಬೇರೆ ಇಲ್ಲ. ಆದರೆ ನಮ್ಮ ನಾಯಕರು ಹುತ್ತರಿಗೆ ಬರುತ್ತಾರೆ, ಕೈಲ್ ಮುಹೂರ್ತಕ್ಕೆ ಬರುತ್ತಾರೆ, ತಲಕಾವೇರಿ ತೀರ್ಥೋದ್ಭವಕ್ಕೆ ಮುಂದಿನ ಸಾಲಲ್ಲೇ ನಿಲ್ಲುತ್ತಾರೆ. ಈ ಒಂದು ಹಬ್ಬದ ದಿನ ಮಾತ್ರ ಅವರಿಗೆ ಬೆಂಗಳೂರಲ್ಲಿ ಮೀಟಿಂಗ್ ಇರುತ್ತದೆ. ಬೈಗುಳವನ್ನು ಹತ್ತಿರದಿಂದ ಕೇಳಿದ್ದರೆ ಅರ್ಧ ಬಜೆಟ್ ಭಾಷಣ ಉಳಿಯುತ್ತಿತ್ತು.

ಅವರ ಇನ್ನೊಂದು ಸಾಧನೆ ಸಮುದಾಯ ಭವನ. ಜಾಗ ಕೇಳಿದರೆ ಸಮುದಾಯ ಭವನ. ನೀರು ಕೇಳಿದರೆ ಸಮುದಾಯ ಭವನದ ಪಕ್ಕ ಟ್ಯಾಂಕು, ನೀರು ಮುಂದಿನ ಅನುದಾನದಲ್ಲಿ. ಮನೆ ಇಲ್ಲದವರು ಮದುವೆಯನ್ನಾದರೂ ಗ್ರ್ಯಾಂಡಾಗಿ ಮಾಡಲಿ ಅಂತ ಇರಬಹುದು. ಶಕ್ತಿ ಯೋಜನೆಯ ಫ್ರೀ ಬಸ್ಸೂ ಹಾಗೇ. ಹಾಡಿಯ ಹೆಂಗಸರಿಗೆ ಟಿಕೆಟ್ ಫ್ರೀ. ಬಸ್ಸು ಬರುವ ಜಾಗಕ್ಕೆ ಆನೆ ದಾರಿಯಲ್ಲಿ ನಡೆದು ಬಂದರೆ ಆಯ್ತು.

ಇಷ್ಟು ಬರೆದು ನಗುತ್ತಿದ್ದೇನೆ ಅಂದುಕೊಳ್ಳಬೇಡಿ. ಸಾಕಾಗಿದೆ. ಜೀತ ರದ್ದಾಗಿದ್ದು 1976ರಲ್ಲಿ. ಅದಾಗಿ ಅರ್ಧ ಶತಮಾನ. ಇವತ್ತಿಗೂ ಲೈನ್ ಮನೆಯಲ್ಲಿ, ಅಂದರೆ ತೋಟದ ಮಾಲೀಕರು ಆಳುಗಳಿಗೆ ಕಟ್ಟಿಸಿದ ಸಾಲುಮನೆಯಲ್ಲಿ ಹುಟ್ಟಿ, ಅಲ್ಲೇ ಮದುವೆಯಾಗಿ, ಅಲ್ಲೇ ಮೊಮ್ಮಕ್ಕಳನ್ನು ಕಂಡವನಿಗೆ ತನ್ನದು ಅಂತ ಒಂದು ಸೆಂಟ್ ಜಾಗ ಇಲ್ಲ. ಸತ್ತರೆ ಹೂಳಲು ಸಾಹುಕಾರರ ಒಪ್ಪಿಗೆ ಬೇಕು. ರೇಷನ್ ಕಾರ್ಡಿಗೆ ವಿಳಾಸ ಬೇಕು, ವಿಳಾಸಕ್ಕೆ ತೋಟದ ಮಾಲೀಕರ ಪತ್ರ ಬೇಕು. ಮಾಲೀಕರು ಕೊಡೋದಿಲ್ಲ. ಪತ್ರ ಕೊಟ್ಟರೆ ನಾಳೆ ಲೈನ್ ಮನೆ ನಂದೇ ಅಂತಾನೆ ಅನ್ನುವ ಭಯ. ಮುಂಗಡದ ಲೆಕ್ಕ ಮಾತ್ರ ಪುಸ್ತಕದಲ್ಲಿ ಅವನ ಹೆಸರು, ಅಪ್ಪನ ಹೆಸರು ಸಮೇತ ಸರಿಯಾಗಿ ಇರುತ್ತದೆ.

ನಮ್ಮ ನಾಯಕರಿಗೂ ತೋಟ ಇದೆ. ತೋಟದಲ್ಲಿ ಲೈನ್ ಮನೆಗಳಿವೆ. ಅಲ್ಲಿಯವರಲ್ಲಿ ಎಷ್ಟು ಜನಕ್ಕೆ ಆ ಪತ್ರ ಕೊಟ್ಟಿದ್ದೀರಿ ಸಾರ್? ಇದಕ್ಕೆ ಶಾಮಿಯಾನ ಬೇಡ, ಮೈಕ್ ಬೇಡ, ಅನುದಾನವೂ ಬೇಡ. ನಿಮಗೆ ನೆನಪಿಲ್ಲದಿದ್ದರೆ ತೋಟದ ಲೆಕ್ಕ ಬರೆಯುವ ನಿಮ್ಮ ರೈಟರನ್ನು ಕೇಳಿ, ಅವರಿಗೆ ಬಾಯಿಪಾಠ ಇರುತ್ತದೆ.