ಅವಳ ಹೆಬ್ಬೆಟ್ಟು ಸಾಲದೇ?

ಕಳೆದ ಮಳೆಗಾಲದಲ್ಲಿ ಸಿಂದಗಿ ಕಡೆಯ ಹೆಣ್ಣುಮಗಳೊಬ್ಬಳು ನನ್ನನ್ನು ಜೊತೆಗೆ ಕರೆದುಕೊಂಡು ಪುಣೆಯ ಒಂದು ಆಸ್ಪತ್ರೆಗೆ ಹೋದಳು. ಪುಣೆಯಂಚಿನ ವಾಘೋಲಿಯಲ್ಲಿ ಕಟ್ಟಡದ ಕೆಲಸ ಮಾಡುವ ಅವಳಿಗೆ ಮರಾಠಿ ಅರ್ಧಂಬರ್ಧ ಬರುತ್ತದೆ. ಮೈಯ ವಿಷಯವನ್ನು ಪರಭಾಷೆಯಲ್ಲಿ ಹೇಳುವಷ್ಟು ಬರುವುದಿಲ್ಲ. ಇಬ್ಬರು ಮಕ್ಕಳಿದ್ದರು, ಗರ್ಭನಿರೋಧಕ ಗುಳಿಗೆ ನುಂಗುತ್ತಿದ್ದರೂ ಮುಟ್ಟು ನಿಂತಿತ್ತು, ಏಳು ವಾರವಾಗಿತ್ತು. ಗರ್ಭಪಾತ ಮಾಡಿಸಿಕೊಳ್ಳಬೇಕೆಂದು ಬಂದಿದ್ದಳು. ಗಂಡ ಬಿತ್ತನೆಗೆಂದು ಊರಿಗೆ ಹೋಗಿದ್ದ. ಕಿಟಕಿಯಾಚೆ ಕುಳಿತಿದ್ದಾಕೆ, ಗಂಡನ ಸಹಿಯಿಲ್ಲದೆ ಆಗುವುದಿಲ್ಲ ಎಂದು ಕಾಗದವನ್ನು ಹಿಂದಕ್ಕೆ ಸರಿಸಿದಳು. ನಾನು ಅದನ್ನು ಕನ್ನಡದಲ್ಲಿ ಹೇಳಿದೆ. "ಹೊಟ್ಟಿ ನಂದೈತಿ, ನನ್ನ ಹೆಬ್ಬೆಟ್ಟ ನಡ್ಯಾಂಗಿಲ್ಲೇನ್ರೀ ಅಕ್ಕಾರ?" ಎಂದು ಅವಳು ಕೇಳಿದಳು.

ನಡೆಯುತ್ತದೆ ಎಂಬುದು ಆಗ ನನಗೆ ತಿಳಿದಿರಲಿಲ್ಲ. 1971ರ ವೈದ್ಯಕೀಯ ಗರ್ಭಪಾತ ಕಾಯ್ದೆಯ ಪ್ರಕಾರ ಹದಿನೆಂಟು ತುಂಬಿದ, ಮಾನಸಿಕ ಅಸ್ವಸ್ಥತೆಯಿಲ್ಲದ ಹೆಣ್ಣಿನ ಒಪ್ಪಿಗೆಯೊಂದೇ ಸಾಕು. ಗಂಡ, ಅತ್ತೆ, ತಂದೆ ಯಾರ ಸಹಿಯೂ ಬೇಕಿಲ್ಲ. 2021ರ ತಿದ್ದುಪಡಿಯ ನಂತರ 20 ವಾರಗಳವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕಾಗುತ್ತದೆ, ಗರ್ಭನಿರೋಧಕ ವಿಫಲವಾಯಿತೆಂಬ ಕಾರಣ ಅವಿವಾಹಿತೆಯರಿಗೂ ಅನ್ವಯಿಸುತ್ತದೆ. ಕಾನೂನು ಕೇಳದ ಷರತ್ತುಗಳನ್ನು, ಮನೆಯವರ ಒಪ್ಪಿಗೆಯನ್ನೂ ಸೇರಿಸಿ, ವೈದ್ಯರು ಹೇರಬಾರದೆಂದು ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್ 29ರ ತೀರ್ಪಿನಲ್ಲಿ ಸ್ಪಷ್ಟವಾಗಿ ಹೇಳಿದೆ. ಆ ಮಾತು ದೆಹಲಿಯಿಂದ ವಾಘೋಲಿಯ ಕಿಟಕಿಯವರೆಗೆ ಬಂದಿರಲಿಲ್ಲ.

ಮರುದಿನ ಅವಳು ಔಷಧ ಅಂಗಡಿಯಿಂದ ಐದು ಗುಳಿಗೆಗಳ ಪೊಟ್ಟಣ ತಂದಳು. ಅದರಲ್ಲಿ ಒಂದು ಮಿಫೆಪ್ರಿಸ್ಟೋನ್, ನಾಲ್ಕು ಮಿಸೊಪ್ರೊಸ್ಟಾಲ್. ಮೊದಲನೆಯದನ್ನು ನುಂಗಿ, ಒಂದೆರಡು ದಿನ ಬಿಟ್ಟು ಉಳಿದ ನಾಲ್ಕನ್ನು ತೆಗೆದುಕೊಳ್ಳಬೇಕು. ಪೊಟ್ಟಣದ ಮೇಲಿನ ಅಕ್ಷರಗಳೆಲ್ಲ ಇಂಗ್ಲಿಷಿನಲ್ಲಿದ್ದವು. ಅಂಗಡಿಯವನು ಏನು ಹೇಳಿದನೋ, ಅವಳಿಗೆ ಏನು ತಿಳಿಯಿತೋ, ಐದನ್ನೂ ಒಮ್ಮೆಲೇ ಚಹಾದೊಂದಿಗೆ ನುಂಗಿದಳು. ನಾಲ್ಕನೆಯ ದಿನ ಶೆಡ್ಡಿನಲ್ಲಿ ನಾನು ನೋಡಿದಾಗ ಹಾಸಿದ್ದ ಗೋಣಿತಟ್ಟು ನೆನೆದು ಕಪ್ಪಾಗಿತ್ತು, ಅವಳ ತುಟಿಗಳಲ್ಲಿ ಬಣ್ಣವಿರಲಿಲ್ಲ. ಬೇರೆ ಆಸ್ಪತ್ರೆಯಲ್ಲಿ ಗರ್ಭಕೋಶ ತೊಳೆದು, ಎರಡು ಬಾಟಲಿ ರಕ್ತ ಕೊಟ್ಟು ಉಳಿಸಿದರು. ಅಲ್ಲಿ ಯಾರೂ ಗಂಡನ ಸಹಿ ಕೇಳಲಿಲ್ಲ.

ಈ ಗುಳಿಗೆಗಳು ಕೆಟ್ಟವಲ್ಲ. ಸರಿಯಾದ ವಾರದಲ್ಲಿ, ಸರಿಯಾದ ಕ್ರಮದಲ್ಲಿ, ತೊಂದರೆಯಾದರೆ ಎಲ್ಲಿಗೆ ಹೋಗಬೇಕೆಂಬ ತಿಳಿವಳಿಕೆಯೊಂದಿಗೆ ತೆಗೆದುಕೊಂಡರೆ ಅವು ಸುರಕ್ಷಿತವೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಭಾರತದಲ್ಲಿ 2015ರಲ್ಲಿ ನಡೆದ ಗರ್ಭಪಾತಗಳು ಸುಮಾರು 1.56 ಕೋಟಿ, ಅವುಗಳಲ್ಲಿ ಶೇಕಡಾ 73ರಷ್ಟು ಆಸ್ಪತ್ರೆಯ ಹೊರಗೆ ಗುಳಿಗೆಯಿಂದಲೇ ಆದವು ಎಂಬುದು ಲ್ಯಾನ್ಸೆಟ್ ಸಮೂಹದ ಪತ್ರಿಕೆಯೊಂದರಲ್ಲಿ ಬಂದ ಅಂದಾಜು. ಅಂದರೆ ಐವತ್ತು ವರ್ಷಗಳಿಂದ ಕಾನೂನು ಬಾಗಿಲು ತೆರೆದಿಟ್ಟ ದೇಶದಲ್ಲೂ ಹೆಚ್ಚಿನ ಹೆಂಗಸರು ಆ ಬಾಗಿಲಿಗೆ ಹೋಗುತ್ತಿಲ್ಲ.

ಪುಣೆಯಿಂದ ಧಾರವಾಡಕ್ಕೆ ಹೋಗುವಾಗ ಬೆಳಗಾವಿ ಬಂದರೆ ನನಗೆ ಸವಿತಾ ಹಾಲಪ್ಪನವರ ನೆನಪಾಗುತ್ತಾರೆ. ಆ ಊರಿನ ದಂತವೈದ್ಯೆ, 31 ವರ್ಷ, 2012ರ ಅಕ್ಟೋಬರಿನಲ್ಲಿ ಐರ್ಲೆಂಡಿನ ಗಾಲ್ವೇ ಆಸ್ಪತ್ರೆಯಲ್ಲಿ ಹದಿನೇಳು ವಾರದ ಬಸಿರು ಉಳಿಯುವುದಿಲ್ಲವೆಂದು ಗೊತ್ತಾದ ಮೇಲೂ, ಭ್ರೂಣದ ಎದೆಬಡಿತ ನಿಂತಿಲ್ಲವೆಂಬ ಕಾರಣಕ್ಕೆ ಅವರ ಗರ್ಭಪಾತದ ಬೇಡಿಕೆಯನ್ನು ನಿರಾಕರಿಸಲಾಯಿತು. ನಂಜೇರಿ ಅಕ್ಟೋಬರ್ 28ರಂದು ತೀರಿಕೊಂಡರು. 2018ರ ಮೇ 25ರ ಜನಮತದಲ್ಲಿ ಮೂವರಲ್ಲಿ ಇಬ್ಬರು ಐರಿಷ್ ಮತದಾರರು ಹಳೆಯ ನಿಷೇಧವನ್ನು ತೆಗೆದುಹಾಕಲು ಒಪ್ಪಿದರು. 2019ರಿಂದ ಅಲ್ಲಿ 12 ವಾರಗಳವರೆಗೆ ಕಾರಣ ಕೇಳದೆ ಸೇವೆ ಸಿಗುತ್ತದೆ. ನಮ್ಮೂರಿನ ಮಗಳ ಸಾವು ಪರದೇಶದ ಕಾನೂನನ್ನು ಅಲುಗಿಸಿತು ಎಂದು ನಾವು ಹೇಳಿಕೊಳ್ಳುತ್ತೇವೆ, ಸರಿಯೇ. ಆದರೆ ಅವರನ್ನು ಕೊಂದದ್ದರಲ್ಲಿ ಕಾನೂನಿನ ಜೊತೆಗೆ, ಎಲ್ಲಿ ಸಿಕ್ಕಿಬೀಳುತ್ತೇವೋ ಎಂಬ ವೈದ್ಯರ ಭಯವೂ ಇತ್ತು. ಆ ಭಯ ನಮ್ಮ ಆಸ್ಪತ್ರೆಗಳಲ್ಲೂ ಇದೆ, ಬೇರೆ ಕಾರಣಕ್ಕೆ. ಭ್ರೂಣಲಿಂಗ ಪತ್ತೆಯನ್ನು ಮೊದಲು ಕಾನೂನಿನ ಹತೋಟಿಗೆ ತಂದದ್ದು ಇದೇ ಮಹಾರಾಷ್ಟ್ರ, 1988ರಲ್ಲಿ. ಆ ಕಾನೂನು ಅತ್ಯಗತ್ಯವಾಗಿತ್ತು. ಆದರೆ ಗೋಡೆಯ ಮೇಲೆ ಅದರ ಫಲಕವೊಂದೇ ಇರುವುದರಿಂದ, ಓದಿದವರೂ ಓದದವರೂ ಗರ್ಭಪಾತವೇ ಅಪರಾಧವೆಂದು ತಿಳಿದುಕೊಂಡಿದ್ದಾರೆ.

ನೇಪಾಳದ ದಾರಿಯನ್ನು ನಾವು ನೋಡಿ ಕಲಿಯಬೇಕು. 2002ಕ್ಕೆ ಮೊದಲು ಅಲ್ಲಿ ಗರ್ಭಪಾತ ಮಾಡಿಸಿಕೊಂಡ ಹೆಂಗಸರು ಸೆರೆಮನೆಯಲ್ಲಿದ್ದರು. ಇಂದು 12 ವಾರಗಳವರೆಗೆ ಅವಳ ಒಪ್ಪಿಗೆಯೇ ಸಾಕು, ಸರ್ಕಾರಿ ಕೇಂದ್ರಗಳಲ್ಲಿ ದುಡ್ಡಿಲ್ಲ, ತರಬೇತಿ ಪಡೆದ ದಾದಿಯರೂ ಗುಳಿಗೆ ಕೊಟ್ಟು ನೋಡಿಕೊಳ್ಳುತ್ತಾರೆ. ನಮ್ಮಲ್ಲಿ ಅದು ಇಂದಿಗೂ ವೈದ್ಯರು ಕೊಡುವ ಅನುಮತಿ. ಗರ್ಭಪಾತ ಭಾರತೀಯ ನ್ಯಾಯ ಸಂಹಿತೆಯ 88ನೆಯ ಕಲಮಿನಲ್ಲಿ ಅಪರಾಧವಾಗಿಯೇ ಉಳಿದು, 1971ರ ಕಾಯ್ದೆ ಅದಕ್ಕೆ ವಿನಾಯಿತಿಯಾಗಿದೆ. ವಿನಾಯಿತಿ ಕೇಳುವವಳು ತಲೆ ತಗ್ಗಿಸಿ ಕೇಳುತ್ತಾಳೆ, ಕೊಡುವವರು ಇನ್ನೊಂದು ಸಹಿ ಕೇಳಲು ಹಿಂಜರಿಯುವುದಿಲ್ಲ. ಮೊದಲ ಹನ್ನೆರಡು ವಾರ ಅದನ್ನು ಹಕ್ಕೆಂದೇ ಬರೆಯಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಕಾಯ್ದೆ ಬದಲಾಗುವವರೆಗೆ ಕಾಯದೆ ಮಾಡಬಹುದಾದ ಕೆಲಸವೂ ಇದೆ. ಊರಿನಲ್ಲಿದ್ದರೆ ಅವಳಿಗೆ ತನ್ನ ಮಾತಿನ ಆಶಾ ಕಾರ್ಯಕರ್ತೆ ಸಿಗುತ್ತಿದ್ದಳು, ಆದರೆ ಗುಟ್ಟು ಉಳಿಯುತ್ತಿರಲಿಲ್ಲ. ಪುಣೆಯಲ್ಲಿ ಗುಟ್ಟು ಉಳಿಯುತ್ತದೆ, ಮಾತು ಸಿಗುವುದಿಲ್ಲ. ವಿಜಯಪುರ, ಕಲಬುರಗಿ ಕಡೆಯ ಕೂಲಿಗಳು ಇಷ್ಟೊಂದು ಇರುವ ಈ ಊರಿನ ಕನ್ನಡ ಸಂಘಗಳು ರಾಜ್ಯೋತ್ಸವದ ಖರ್ಚಿನಲ್ಲಿ ಒಂದು ಪಾಲು ತೆಗೆದು, ಮಾತು ದಾಟಿಸುವ ಇಬ್ಬರು ಹೆಂಗಸರನ್ನು ಆಸ್ಪತ್ರೆಗೆ ಕಳಿಸಬಹುದು. ಭ್ರೂಣಲಿಂಗದ ಫಲಕದ ಪಕ್ಕದಲ್ಲೇ, ಗಂಡನ ಸಹಿ ಬೇಕಿಲ್ಲ ಎಂದು ಮರಾಠಿಯಲ್ಲೂ ಕನ್ನಡದಲ್ಲೂ ಬರೆದ ಇನ್ನೊಂದು ಫಲಕ ಹಾಕಿಸಬಹುದು. ಅಂದು ಆ ಕಿಟಕಿಯ ಬಳಿ ಅಂಥ ಫಲಕವಿದ್ದಿದ್ದರೆ, ನಾನು ಅದನ್ನೇ ಅವಳಿಗೆ ಓದಿ ಹೇಳುತ್ತಿದ್ದೆ.