ರಜೆ ಸಿಕ್ಕ ದಿನ ಊರಿಗೆ ಓಡಬೇಡಿ

ಯೆಲ್ಲೋಸ್ಟೋನ್ ನ್ಯಾಷನಲ್ ಪಾರ್ಕ್‌ನ ಹೋಟೆಲುಗಳಲ್ಲಿ ಬೇಸಿಗೆ ಕೆಲಸಕ್ಕೆ ಸೇರೋದು ಅಮೆರಿಕದ ಕಾಲೇಜು ಮಕ್ಕಳ ಹಳೇ ಪರಿಪಾಠ. ಅಮೆರಿಕದಲ್ಲೇ ಬೆಳೆದ ನಮ್ಮ ಕನ್ನಡದ ಮಕ್ಕಳಲ್ಲೂ ಯಾರಾದರೂ ಈ ಸಲ ಹೊರಟಿದ್ದರೆ ಈ ಬರಹ ಅವರಿಗೆ. ಕೆಲಸ ದೊಡ್ಡದೇನಲ್ಲ: ರೂಮು ಕ್ಲೀನ್ ಮಾಡೋದು, ಪಾತ್ರೆ ತೊಳೆಯೋದು, ಅಂಗಡಿ ಕೌಂಟರಿನಲ್ಲಿ ನಿಲ್ಲೋದು. ಇರೋಕೆ ಡಾರ್ಮ್, ಊಟಕ್ಕೆ ನೌಕರರ ಮೆಸ್. ಆ ಖರ್ಚನ್ನು ಸಂಬಳದಲ್ಲೇ ಮುರಿದುಕೊಳ್ಳುತ್ತಾರೆ. (ಎಫ್-1 ವೀಸಾದಲ್ಲಿ ಓದುತ್ತಿರುವವರು ಅನುಮತಿ ಇಲ್ಲದೆ ಕ್ಯಾಂಪಸ್ಸಿನ ಹೊರಗೆ ಇಂಥ ಕೆಲಸ ಹಿಡಿಯೋ ಹಾಗಿಲ್ಲ. ಯೂನಿವರ್ಸಿಟಿಯ ಇಂಟರ್‌ನ್ಯಾಷನಲ್ ಆಫೀಸಿನಲ್ಲಿ ಕೇಳದೆ ಅರ್ಜಿ ಹಾಕಲೇಬೇಡಿ.)

ಸಾಮಾನ್ಯವಾಗಿ ವಾರಕ್ಕೆ ಎರಡು ದಿನ ರಜೆ. ಶನಿವಾರ, ಭಾನುವಾರವೇ ಸಿಗುತ್ತೆ ಅನ್ನೋ ಆಸೆ ಬಿಟ್ಟುಬಿಡಿ. ಆ ರಜೆ ಹಾಳಾಗೋದು ಎರಡು ರೀತಿಯಲ್ಲಿ. ಒಂದು, ವೈ-ಫೈ ಮತ್ತು ಪಿಜ್ಜಾ ಆಸೆಗೆ ಗಡಿಯ ಊರಾದ ವೆಸ್ಟ್ ಯೆಲ್ಲೋಸ್ಟೋನ್‌ಗೆ ಓಡೋದು. ಇನ್ನೊಂದು, ಎಲ್ಲವನ್ನೂ ಒಂದೇ ದಿನಕ್ಕೆ ನೋಡಿಬಿಡೋಣ ಅಂತ ಸುಮಾರು 228 ಕಿಲೋಮೀಟರಿನ ಗ್ರ್ಯಾಂಡ್ ಲೂಪ್ ರಸ್ತೆ ಸುತ್ತೋದು. ವೇಗದ ಮಿತಿ ಗಂಟೆಗೆ 72 ಕಿಲೋಮೀಟರ್. ದಾರಿ ಮೇಲೆ ಕಾಡೆಮ್ಮೆ, ಅಂದರೆ ಅಮೆರಿಕನ್ ಬೈಸನ್ ಹಿಂಡು ನಿಂತರೆ ಅದು ಕದಲೋವರೆಗೂ ನೀವು ಕೂರಬೇಕು. ಎರಡು ದಿನದ ಪ್ರವಾಸಿಗೆ ಬೇರೆ ದಾರಿಯಿಲ್ಲ, ಸುತ್ತಲಿ. ಮೂರು ತಿಂಗಳು ಒಳಗೇ ಇರೋ ನಿಮಗೆ ಆ ಅವಸರ ಯಾಕೆ? ಒಂದು ರಜೆಗೆ ಒಂದೇ ಜಾಗ ಅಂತ ಇಟ್ಟುಕೊಳ್ಳಿ.

ರಜೆ ಶುರುವಾಗೋದು ಹಿಂದಿನ ಸಂಜೆ. ಶಿಫ್ಟ್ ಮುಗಿದ ಕೂಡಲೇ ಬಟ್ಟೆ ಮೆಷಿನ್ನಿಗೆ ಹಾಕಿ. ಕಟ್ಟಿಕೊಂಡು ಹೋಗೋ ಊಟವನ್ನು ಎಷ್ಟು ಹೊತ್ತಿನೊಳಗೆ ಹೇಳಬೇಕು ಅಂತ ಮೆಸ್ಸಿನಲ್ಲಿ ವಿಚಾರಿಸಿಡಿ. ಬೆಳಿಗ್ಗೆ ಐದಕ್ಕೆ ಹೋಗಿ ಕೇಳಿದರೆ ಯಾರೂ ಕೊಡಲ್ಲ. ಸಸ್ಯಾಹಾರಿಗಳಿಗೆ ಬ್ರೆಡ್ಡು ಚೀಸೇ ಗತಿ, ಮನೆಯಿಂದ ತಂದ ಚಟ್ನಿಪುಡಿ ಡಬ್ಬಿ ಅಲ್ಲಿ ಬಂಗಾರ. ಮೊಬೈಲ್ ಸಿಗ್ನಲ್ ಇರೋದು ಓಲ್ಡ್ ಫೇತ್‌ಫುಲ್, ಮ್ಯಾಮತ್, ಕ್ಯಾನ್ಯನ್ ಥರದ ಕೆಲವೇ ಕಡೆ, ಅದರಿಂದ ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ. ಯಾವ ಟ್ರೇಲ್, ಯಾರ ಜೊತೆ, ಎಷ್ಟು ಗಂಟೆಗೆ ವಾಪಸ್ಸು ಅನ್ನೋ ಚೀಟಿ ರೂಮ್‌ಮೇಟ್ ಕೈಗೆ ಕೊಡಿ. ಪಾರ್ಕಿನೊಳಗೆ ಸಾರ್ವಜನಿಕ ಬಸ್ಸಿಲ್ಲ. ಕಾರಿರೋ ಸಹೋದ್ಯೋಗಿಯ ಸ್ನೇಹ ಮಾಡಿ, ಪೆಟ್ರೋಲ್ ದುಡ್ಡನ್ನು ಅವರು ಕೇಳೋ ಮೊದಲೇ ಕೊಡಿ.

ಶುರುವಿನ ವಾರಗಳು ಕಳೆದ ಮೇಲಿನ ರಜೆಗೆ ನನ್ನ ಆಯ್ಕೆ ಮೌಂಟ್ ವಾಶ್‌ಬರ್ನ್ ಬೆಟ್ಟ. ಡನ್‌ರೇವನ್ ಪಾಸ್‌ನಿಂದ ಒಂದು ಕಡೆಗೆ ಸುಮಾರು 5 ಕಿಲೋಮೀಟರ್, ಏರು 425 ಮೀಟರಿನಷ್ಟು. ತುದಿ 3,122 ಮೀಟರ್, ಅಂದರೆ ನಮ್ಮ ಮುಳ್ಳಯ್ಯನಗಿರಿಗಿಂತ ಸಾವಿರ ಮೀಟರಿಗೂ ಹೆಚ್ಚು ಎತ್ತರ. ದಾರಿ ಸುಲಭ, ಗಾಳಿ ತೆಳು. ಬಂದ ಮೊದಲ ವಾರವೇ ಹೋದರೆ ಉಸಿರು ಸಿಕ್ಕಿಹಾಕಿಕೊಂಡು ತಲೆನೋವು ಬರಬಹುದು. ಒಂದೆರಡು ವಾರ ಮೈ ಒಗ್ಗಲಿ. ಜೂನ್ ಪೂರ್ತಿ ಮೇಲೆ ಹಿಮ ಇರಬಹುದು, ರೇಂಜರ್ ಸ್ಟೇಷನ್ನಿನಲ್ಲಿ ಕೇಳಿ. ಜುಲೈ, ಆಗಸ್ಟಿನಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಸಿಡಿಲು ಮಾಮೂಲಿ, ಬೋಳು ಬೆಟ್ಟದ ಮೇಲೆ ಅಡಗೋಕೆ ಜಾಗವಿಲ್ಲ. ಸೂರ್ಯ ಹುಟ್ಟುವಾಗ ಹತ್ತಿ, ಹನ್ನೆರಡರೊಳಗೆ ಇಳಿದಿರಬೇಕು. ಎರಡು ಲೀಟರ್ ನೀರು, ಒಂದು ಮಳೆಯಂಗಿ, ಒಂದು ಬೆಚ್ಚನೆ ಅಂಗಿ. ಆ ಎತ್ತರದಲ್ಲಿ ಯಾವ ತಿಂಗಳಲ್ಲಾದರೂ ಹಿಮ ಬೀಳಬಹುದು.

ಇನ್ನು ಕರಡಿ ಸ್ಪ್ರೇ, ಅಂದರೆ ಕರಡಿ ನುಗ್ಗಿದಾಗ ಅದರ ಕಡೆ ಹೊಡೆಯೋ ಖಾರದ ಸ್ಪ್ರೇ. ಇದನ್ನು ಬ್ಯಾಗಿನೊಳಗೆ ಇಟ್ಟುಕೊಳ್ಳೋದೂ ಒಂದೇ, ತಾರದೇ ಇರೋದೂ ಒಂದೇ. ಸೊಂಟಕ್ಕೋ ಎದೆಯ ಪಟ್ಟಿಗೋ ಕೈಗೆ ತಕ್ಷಣ ಸಿಗೋ ಹಾಗಿರಬೇಕು. ಸುರಕ್ಷತಾ ಕ್ಲಿಪ್ಪನ್ನು ಹೆಬ್ಬೆರಳಿನಿಂದ ಹಿಂದಕ್ಕೆ ಎಳೆದು ತೆಗೆಯೋದನ್ನು ಖಾಲಿ ಅಭ್ಯಾಸದ ಕ್ಯಾನ್ ಸಿಕ್ಕರೆ ಅದರಲ್ಲಿ ಮಾಡಿ ನೋಡಿ. ಕರಡಿ ಮೈಮೇಲೆ ನುಗ್ಗಿ 9ರಿಂದ 18 ಮೀಟರಿನಷ್ಟು ಹತ್ತಿರ ಬಂದಾಗ ಸ್ವಲ್ಪ ಕೆಳಮುಖವಾಗಿ ಹೊಡೆಯಬೇಕು. ಆ ಮೋಡಕ್ಕೆ ಅದೇ ಬಂದು ನುಗ್ಗುತ್ತೆ. ಕ್ಯಾನ್ ಖಾಲಿಯಾಗೋಕೆ ಕೆಲವೇ ಸೆಕೆಂಡು ಸಾಕು, ದೂರದಿಂದಲೇ ಹೊಡೆದು ಮುಗಿಸಬೇಡಿ. ಸೊಳ್ಳೆ ಔಷಧಿ ಥರ ಮೈಗೋ ಟೆಂಟಿಗೋ ಸಿಂಪಡಿಸೋ ಮಹಾನುಭಾವರಿದ್ದಾರೆ. ಆ ವಾಸನೆಗೆ ಕರಡಿ ಓಡಿಹೋಗಲ್ಲ, ಏನಿದು ಅಂತ ನೋಡೋಕೆ ಬಂದರೂ ಬಂದೀತು. ಬಿಸಿಲಲ್ಲಿ ನಿಂತ ಕಾರಿನೊಳಗೆ ಕ್ಯಾನ್ ಬಿಟ್ಟರೆ ಸಿಡಿಯಬಹುದು. ವಿಮಾನದಲ್ಲಂತೂ ಒಯ್ಯೋ ಹಾಗೇ ಇಲ್ಲ, ಸೀಸನ್ ಮುಗಿದಾಗ ಉಳಿಯುವವರಿಗೆ ಕೊಟ್ಟು ಬನ್ನಿ. ಇವೆಲ್ಲಕ್ಕಿಂತ ಮುಖ್ಯ, ಮೂರು ಜನಕ್ಕೆ ಕಡಿಮೆ ಹೋಗಬೇಡಿ, ತಿರುವುಗಳಲ್ಲಿ ಮತ್ತು ಹೊಳೆ ಸದ್ದಿರೋ ಕಡೆ ಗಟ್ಟಿಯಾಗಿ ಮಾತಾಡಿ. ಕನ್ನಡದಲ್ಲೇ ಕೂಗಿ, ಕರಡಿಗೆ ಭಾಷೆ ಮುಖ್ಯವಲ್ಲ.

ಕರಡಿ, ತೋಳಗಳಿಂದ 91 ಮೀಟರ್, ಉಳಿದ ಪ್ರಾಣಿಗಳಿಂದ 23 ಮೀಟರ್ ದೂರ ಅನ್ನೋದು ಪಾರ್ಕಿನ ನಿಯಮ. ಎಲ್ಲರಿಗೂ ಕರಡಿ ಭಯ. ಆದರೆ ಅಲ್ಲಿ ಜನರನ್ನು ಹೆಚ್ಚು ಗಾಯಗೊಳಿಸಿರೋದು ಕಾಡೆಮ್ಮೆ. ನಾಗರಹೊಳೆಯ ಕಾಟಿ ನೋಡಿದ ಕಣ್ಣಿಗೆ ಇದು ಸಾಧುವಾಗಿ, ಸೋಮಾರಿಯಾಗಿ ಕಾಣುತ್ತೆ. ಗಂಟೆಗೆ 50 ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ಓಡುತ್ತೆ. ಬಾಲ ಮೇಲೆದ್ದರೆ ಸೆಲ್ಫಿ ಬಿಟ್ಟು ಹಿಂದೆ ಸರಿಯಿರಿ.

ರಾತ್ರಿಯ ಮೋಜಿನ ಬಗ್ಗೆ ಮಾತ್ರ ಕಟುವಾಗಿ ಹೇಳಬೇಕು. 2000ರ ಆಗಸ್ಟಿನಲ್ಲಿ ಫೈರ್‌ಹೋಲ್ ನದಿಯಲ್ಲಿ ಈಜಿ ಕತ್ತಲಲ್ಲಿ ವಾಪಸ್ ಬರುತ್ತಿದ್ದ ಮೂವರು ಬೇಸಿಗೆ ನೌಕರರು, ಸಣ್ಣ ತೊರೆ ಅಂದುಕೊಂಡು ಹಾರಿ, ಬಿಸಿನೀರಿನ ಕೊಳಕ್ಕೆ ಬಿದ್ದರು. ಒಬ್ಬರು ತೀರಿಕೊಂಡರು. ಆ ನೆಲದಲ್ಲಿ ಮೇಲ್ಪದರ ತೆಳು, ಕೆಳಗೆ ಕುದಿಯೋ ನೀರು. ಹಲಗೆ ಹಾದಿ ಬಿಟ್ಟು ಒಂದು ಹೆಜ್ಜೆಯೂ ಬೇಡ. ಬಿಸಿನೀರಿನ ಬುಗ್ಗೆಗೆ ಇಳಿಯೋದು ಕಾನೂನಿಗೂ ವಿರುದ್ಧ.

ಕಾರೂ ಇಲ್ಲ, ಕಾಲೂ ನೋವು ಅನ್ನೋ ದಿನಕ್ಕೆ, ನಿಮ್ಮ ಕೆಲಸ ಓಲ್ಡ್ ಫೇತ್‌ಫುಲ್‌ನಲ್ಲಿದ್ದರೆ, ಗ್ರ್ಯಾಂಡ್ ಗೈಸರ್ (ನೆಲದಿಂದ ಆಗಾಗ ಮೇಲಕ್ಕೆ ಚಿಮ್ಮೋ ಬಿಸಿನೀರಿನ ಬುಗ್ಗೆ) ಮುಂದೆ ಪುಸ್ತಕ ಹಿಡಿದು ಕೂತುಬಿಡಿ. ಓಲ್ಡ್ ಫೇತ್‌ಫುಲ್ ಗೈಸರ್ ಸುಮಾರು ಒಂದೂವರೆ ಗಂಟೆಗೊಮ್ಮೆ ಚಿಮ್ಮುತ್ತೆ, ಅದಕ್ಕೇ ಅಲ್ಲಿ ಜಾತ್ರೆ. ಗ್ರ್ಯಾಂಡ್ ಗಂಟೆಗಟ್ಟಲೆ ಕಾಯಿಸುತ್ತೆ. ಕೊಳ ತುಂಬಿ ಅಂಚು ಮೀರಿ ಹರಿಯೋಕೆ ಶುರುವಾದ ಮೇಲೆ ಪಕ್ಕದ ಟರ್ಬನ್ ಗೈಸರ್ ಕಡೆ ಕಣ್ಣಿಡಿ. ಅದು ಇಪ್ಪತ್ತು ನಿಮಿಷಕ್ಕೊಮ್ಮೆ ಎದ್ದು ಕೂರುತ್ತಿರುತ್ತೆ, ಗ್ರ್ಯಾಂಡ್ ಸಾಮಾನ್ಯವಾಗಿ ಆ ಹೊತ್ತಿಗೇ ಹೊರಡೋದು. ಟರ್ಬನ್ ಏಳೋ ಸಮಯಕ್ಕೆ ಸರಿಯಾಗಿ ಗ್ರ್ಯಾಂಡ್ ಕೊಳದ ಮೇಲೆ ಸಣ್ಣ ಅಲೆಗಳೆದ್ದರೆ ಪುಸ್ತಕ ಮುಚ್ಚಿ. ಮೊದಲ ಚಿಮ್ಮು ನಿಂತಿತು ಅಂತ ಪ್ರವಾಸಿಗಳು ಎದ್ದು ಹೊರಡ್ತಾರೆ, ನೀವು ಏಳಬೇಡಿ. ಎಷ್ಟೋ ಸಲ ಎರಡನೇದೇ ಎತ್ತರ.

ಕಾಲೇಜು ಒಪ್ಪಿದರೆ ಸೆಪ್ಟೆಂಬರಿನ ಎರಡು ವಾರ ಉಳಿಯಿರಿ. ಸೊಳ್ಳೆ ಇಲ್ಲ, ಜನ ಕಡಿಮೆ, ಗಂಡು ಎಲ್ಕ್‌ಗಳ (ದೊಡ್ಡ ಜಾತಿಯ ಜಿಂಕೆ) ಕೂಗು ಶುರು. ಮ್ಯಾಮತ್‌ನಲ್ಲಿ ಅವು ಹೋಟೆಲಿನ ಹುಲ್ಲುಹಾಸಿಗೇ ಬರುತ್ತವೆ, ಮದ ಏರಿದಾಗ ನಿಂತ ಕಾರಿಗೂ ಕೊಂಬು ಹಾಕುತ್ತವೆ. ಎರವಲು ತಂದ ಕಾರನ್ನು ಆ ಹುಲ್ಲಿನ ಪಕ್ಕ ನಿಲ್ಲಿಸಬೇಡಿ.